‘ಏನೂ ಮಾಡಲ್ಲ ಬರ್ರಿ’: ಮನೆ ನಾಯಿ, ಮನೆ ಮಗು, ನಡುವೆ ಇರಬೇಕಾದ ನಾವು

ದಾವಣಗೆರೆಯ ಯಾವ ಓಣಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಗೇಟಿನ ಒಳಗೆ ನಾಯಿ ಬೊಗಳುತ್ತಿರುತ್ತದೆ. ಬಂದವರು ಹೊರಗೇ ನಿಂತಿರುತ್ತಾರೆ. ಒಳಗಿಂದ ಯಾರೋ ಕೈ ಒರೆಸಿಕೊಳ್ಳುತ್ತ ಬಂದು, ‘ಏನೂ ಮಾಡಲ್ಲ ಬರ್ರಿ’ ಅನ್ನುತ್ತಾರೆ. ನಾನೂ ಎಷ್ಟೋ ಸಲ ಅಂದಿದ್ದೇನೆ. ಅದು ಸುಳ್ಳಲ್ಲ. ನಮ್ಮ ನಾಯಿಯ ಮೇಲೆ ನಮಗಿರುವ ನಂಬಿಕೆ ಅದು. ಆದರೆ ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇದೇ ನಂಬಿಕೆ ನಮ್ಮ ಕಣ್ಣು ಕಟ್ಟುತ್ತದೆ. ಇದನ್ನು ನಾನು ಮೂರು ವರ್ಷದ ಹಿಂದೆ, ವಿದ್ಯಾನಗರದ ನಮ್ಮ ಮನೆಯ ನಡುಮನೆಯಲ್ಲೇ ಕಲಿತೆ.

ನಾಯಿ ಮತ್ತು ಮಕ್ಕಳ ವಿಷಯ ಈಗ ಎಲ್ಲ ಕಡೆ ಚರ್ಚೆಯಲ್ಲಿದೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಕ್ಕೆ ಸೇರಿಸಿ ಎಂದಿತು. ಅದೇ ತಿಂಗಳ 22ರಂದು ಮೂವರ ಪೀಠ ಆ ಆದೇಶ ಬದಲಿಸಿತು. ಮರಿ ಆಗದಂತೆ ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ ಎಂದು ಹೇಳಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಿರಿ ಎಂಬ ಆದೇಶ ಬಂತು. ಅದಕ್ಕೂ ಮುಂಚೆ, 2024ರ ಮಾರ್ಚ್‌ನಲ್ಲಿ, ಕೇಂದ್ರ ಸರ್ಕಾರ 23 ತಳಿಯ ‘ಉಗ್ರ’ ನಾಯಿಗಳನ್ನು ಸಾಕಬಾರದು ಎಂದು ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು.

ಬೀದಿಯ ಬಗ್ಗೆ ಇಷ್ಟು ಮಾತು ಆಗಲೇಬೇಕು. 2025ರಲ್ಲಿ ನಮ್ಮ ದಾವಣಗೆರೆಯದೇ ಒಂದು ಮಗು ಬೀದಿನಾಯಿ ಕಚ್ಚಿ, ತಿಂಗಳುಗಳ ಮೇಲೆ ರೇಬೀಸ್‌ನಿಂದ ತೀರಿಕೊಂಡಿತು. ಆ ಸುದ್ದಿ ಓದಿದ ರಾತ್ರಿ ಈ ಊರಿನ ಎಷ್ಟೋ ತಾಯಂದಿರು ನಿದ್ದೆ ಮಾಡಿರಲಿಕ್ಕಿಲ್ಲ. ಆದರೆ ಕೋರ್ಟು ಬೀದಿಗೆ ಆದೇಶ ಮಾಡಬಹುದು, ನಮ್ಮ ಪಡಸಾಲೆಗೆ ಮಾಡಲು ಆಗುವುದಿಲ್ಲ. ಮನೆ ನಾಯಿ ಮನೆ ಮಗುವಿಗೆ ಹಲ್ಲು ತಾಗಿಸಿದರೆ ಅದು ಪೇಪರಿಗೂ ಬರುವುದಿಲ್ಲ. ‘ಮಗುನೇ ಬಾಲ ಎಳೀತು’ ಅಂತ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ನಾಯಿಯನ್ನು ಬೈಕಲ್ಲಿ ಕೂರಿಸಿಕೊಂಡು ಊರಾಚೆ ಬಿಟ್ಟು ಬರುತ್ತಾರೆ. ಎರಡರಲ್ಲೂ ಯಾರೂ ಏನೂ ಕಲಿಯುವುದಿಲ್ಲ.

ನಮ್ಮ ಮನೆಯ ಕಥೆ ಹೇಳಿಬಿಡುತ್ತೇನೆ.

ರಾಜ ನಾಟಿ ನಾಯಿ. ಹದಡಿ ರಸ್ತೆಯ ಪಕ್ಕ ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ನಮ್ಮ ಮನೆಯವರು ತಂದಿದ್ದರು. ಮಗಳು ಹುಟ್ಟುವ ಹೊತ್ತಿಗೆ ಅವನಿಗೆ ನಾಲ್ಕು ವರ್ಷ. ಯಾರಿಗೂ ಒಂದು ದಿನ ಹಲ್ಲು ತೋರಿಸಿದವನಲ್ಲ. ಮಗಳಿಗೆ ಹದಿಮೂರು ತಿಂಗಳಾಗಿತ್ತು. ಮಧ್ಯಾಹ್ನ ಊಟ ಆಗಿತ್ತು. ರಾಜ ಮಂಚದ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಮಲಗಿದ್ದ. ಮುಂದೆ ಅರ್ಧ ತಿಂದ ರೊಟ್ಟಿ ಚೂರು. ಮಗಳು ಅಂಬೆಗಾಲಲ್ಲಿ ಮಂಚದ ಕೆಳಗೆ ಹೋದಳು. ರಾಜ ಮುಖ ಆ ಕಡೆ ತಿರುಗಿಸಿದ. ಒಮ್ಮೆ ಮೂಗು ನೆಕ್ಕಿಕೊಂಡ. ಆಕಳಿಸಿದ. ನಮ್ಮ ಅತ್ತೆ ನೋಡಿ ನಕ್ಕರು. ‘ನೋಡೇ, ಎಷ್ಟು ಸುಮ್ನೆ ಮಲ್ಕೊಂಡೈತೆ, ಬಂಗಾರದಂಥ ನಾಯಿ’ ಅಂದರು. ನಾನು ಫೋನಲ್ಲಿ ಫೋಟೋ ತೆಗೆದೆ. ಮಗಳು ಇನ್ನೊಂದು ಮೊಳ ಮುಂದೆ ಹೋದಳು. ರಾಜ ಗುರ್ರ್ ಅಂದ.

ನಮ್ಮ ಮನೆಯವರು ಎದ್ದು ಬಂದು, ಹೊರಗೆಳೆದು, ಎರಡು ಏಟು ಹಾಕಿದರು. ‘ಮಗೂಗೆ ಗುರ್ರ್ ಅಂತೀಯಾ?’ ಅಂತ. ನನಗೂ ಅದು ಸರಿ ಅನ್ನಿಸಿತು. ಅವತ್ತಿಂದ ರಾಜ ಗುರ್ರ್ ಅನ್ನುವುದನ್ನು ಬಿಟ್ಟ. ಪಾಠ ಕಲಿತ ಅಂದುಕೊಂಡೆವು. ಎರಡು ವಾರದ ಮೇಲೆ ಅದೇ ಮಂಚ, ಅದೇ ಮಧ್ಯಾಹ್ನ. ಸದ್ದೇ ಇಲ್ಲದೆ ತಿರುಗಿ ಬಾಯಿ ಹಾಕಿದ. ಮಗಳ ಮುಂಗೈ ಮೇಲೆ ಒಂದು ತೆಳ್ಳನೆಯ ಗೀರು. ಗೀರಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ದಪ್ಪದ ರಕ್ತದ ಹನಿಗಳು.

ಆಮೇಲೆ ಪಶು ವೈದ್ಯರೊಬ್ಬರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ಮುಂಚೆ ಗುರ್ರ್ ಅಂದಿತ್ತಾ? ಅಂದಾಗ ಹೊಡೆದ್ರಾ?’

ಆ ಫೋಟೋ ಈಗಲೂ ನನ್ನ ಫೋನಲ್ಲಿದೆ. ಈಗ ನೋಡಿದರೆ ಎಲ್ಲವೂ ಕಾಣುತ್ತದೆ. ಅವತ್ತು ಯಾವುದೂ ಕಾಣಲಿಲ್ಲ.

ಕಚ್ಚುವ ಮುಂಚೆ ನಾಯಿ ಏನೇನು ಹೇಳುತ್ತದೆ

ನಾಯಿ ಇದ್ದಕ್ಕಿದ್ದಂತೆ ಕಚ್ಚಿತು ಅಂತ ಹೇಳುತ್ತೇವೆ. ಹಾಗೆ ಆಗುವುದು ಬಹಳ ಕಡಿಮೆ. ಇಂಗ್ಲೆಂಡಿನ ಪಶು ವೈದ್ಯೆ ಕೆಂಡಲ್ ಶೆಫರ್ಡ್ ನಾಯಿಯ ಈ ಮಾತುಗಳನ್ನು ಒಂದು ಏಣಿಯ ಹಾಗೆ ಜೋಡಿಸಿ ತೋರಿಸಿದ್ದಾರೆ. ಏಣಿಯ ಕೆಳಗಿನ ಮೆಟ್ಟಿಲಲ್ಲಿ ಆಕಳಿಕೆ, ರೆಪ್ಪೆ ಬಡಿಯುವುದು, ಮೂಗು ನೆಕ್ಕಿಕೊಳ್ಳುವುದು ಇವೆ. ಅದಕ್ಕೂ ಬಗ್ಗದಿದ್ದರೆ ಮುಖ ತಿರುಗಿಸುತ್ತದೆ, ಮೈ ತಿರುಗಿಸುತ್ತದೆ, ಎದ್ದು ಹೋಗುತ್ತದೆ. ಆಮೇಲೆ ಕಿವಿ ಹಿಂದಕ್ಕೆ ಹಾಕಿ, ಬಾಲ ಒಳಗೆ ಮಡಚಿ, ಮೈ ಕುಗ್ಗಿಸುತ್ತದೆ. ಅದಾದ ಮೇಲೆ ಮೈ ಬಿಗಿಯಾಗಿ, ನೋಟ ನೆಟ್ಟು ನಿಲ್ಲುತ್ತದೆ. ಆಮೇಲೆ ಗುರ್ರ್. ಆಮೇಲೆ ಗಾಳಿಗೆ ಬಾಯಿ ಹಾಕುವುದು. ತುತ್ತತುದಿಯಲ್ಲಿ ಕಚ್ಚುವುದು.

ರಾಜ ಅವತ್ತು ಮಂಚದ ಕೆಳಗೆ ಮುಖ ತಿರುಗಿಸಿದ, ಮೂಗು ನೆಕ್ಕಿದ, ಆಕಳಿಸಿದ. ಮೂರು ಸಲ ‘ಬೇಡ’ ಅಂದ. ಎದ್ದು ಹೋಗೋಣ ಅಂದರೆ ಹಿಂದೆ ಗೋಡೆ, ಮುಂದೆ ಮಗು. ಆಮೇಲೆ ಗುರ್ರ್ ಅಂದ. ಅದಕ್ಕೆ ಏಟು ಬಿತ್ತು. ಎರಡನೇ ಸಲ ಅವನಿಗೆ ಉಳಿದಿದ್ದು ಒಂದೇ ದಾರಿ.

ನನ್ನ ಮಟ್ಟಿಗೆ ಇಡೀ ವಿಷಯದ ಬೇರು ಇಲ್ಲಿದೆ. ನಾಯಿಗೆ ಬೇಡವಾದದ್ದು ಎದುರಾದಾಗ ಅದು ಮೊದಲು ದೂರ ಹೋಗಲು ನೋಡುತ್ತದೆ. ಆಗದಿದ್ದರೆ ಎಚ್ಚರಿಸುತ್ತದೆ. ಅದೂ ನಡೆಯದಿದ್ದರೆ ಕಚ್ಚುತ್ತದೆ. ಈಗ ನಮ್ಮ ಊರಿನ ಮನೆಗಳನ್ನು ನೋಡಿ. 30–40 ಸೈಟು. ಕಾಂಪೌಂಡ್ ಒಳಗೆ ಒಂದು ಸ್ಕೂಟರ್, ಒಂದು ತುಳಸಿ ಕಟ್ಟೆ, ಪಕ್ಕದಲ್ಲಿ ಎರಡು ಮಾರು ಚೈನಿಗೆ ಕಟ್ಟಿದ ನಾಯಿ. ಕಟ್ಟಿಹಾಕಿದ ಕ್ಷಣವೇ ದೂರ ಹೋಗುವ ದಾರಿ ಮುಚ್ಚಿತು. ಗುರ್ರ್ ಅಂದದ್ದಕ್ಕೆ ಹೊಡೆದರೆ ಎಚ್ಚರಿಸುವ ದಾರಿಯೂ ಮುಚ್ಚಿತು. ಉಳಿದ ದಾರಿಯನ್ನು ನಾವೇ ತೆರೆದುಕೊಟ್ಟು, ಆಮೇಲೆ ‘ನಂಬಿಕೆ ದ್ರೋಹಿ’ ಅಂತ ಅದಕ್ಕೇ ಹೆಸರಿಡುತ್ತೇವೆ. ಗುರ್ರ್ ಅನ್ನುವ ನಾಯಿ ಕೆಟ್ಟ ನಾಯಿ ಅಲ್ಲ. ಅದು ನಮಗೆ ಇನ್ನೂ ಹೇಳುತ್ತಿರುವ ನಾಯಿ. ಆ ಸದ್ದು ಕೇಳಿದಾಗ ಮಾಡಬೇಕಾದ ಕೆಲಸ ಒಂದೇ: ಮಗುವನ್ನು ಎತ್ತಿಕೊಳ್ಳುವುದು. ಯಾಕೆ ಗುರ್ರ್ ಅಂತು ಅನ್ನುವುದನ್ನು ಆಮೇಲೆ ಕೂತು ಯೋಚಿಸಬಹುದು.

ಬಾಲದ ವಿಷಯ ಒಂದು ಮಾತು. ಬಾಲ ಅಲ್ಲಾಡಿಸಿದರೆ ಖುಷಿಯಾಗಿದೆ ಅಂತ ನಾವೆಲ್ಲ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಅರ್ಧ ನಿಜ. ಮೈಯೆಲ್ಲ ಬಳುಕುತ್ತ, ಸಡಿಲವಾಗಿ ಬಾಲ ಆಡಿದರೆ ಖುಷಿ. ಮೈ ಕಟ್ಟಿಗೆಯಂತೆ ಬಿಗಿದು, ಬಾಲ ಮಾತ್ರ ಮೇಲೆತ್ತಿ ಚಿಕ್ಕದಾಗಿ ಆಡುತ್ತಿದ್ದರೆ ಅದು ಖುಷಿ ಅಲ್ಲ. ಹಾಗೆಯೇ ನಾಯಿ ಕತ್ತು ತಿರುಗಿಸದೆ ಕಣ್ಣು ಮಾತ್ರ ಓರೆ ಮಾಡಿ, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಂಡರೆ ಅದು ಸಂಕಟದಲ್ಲಿದೆ. ಮಗು ನಾಯಿಯ ಕುತ್ತಿಗೆ ತಬ್ಬಿಕೊಂಡ ರೀಲ್ಸ್ ಬಂದಾಗ ಸದ್ದು ಆಫ್ ಮಾಡಿ, ಮಗುವನ್ನು ಬಿಟ್ಟು ನಾಯಿಯ ಕಣ್ಣು, ಕಿವಿ ಮಾತ್ರ ನೋಡಿ. ಮುದ್ದು ಅಂತ ಕಂಡದ್ದು ಎಷ್ಟೋ ಸಲ ಮುದ್ದಾಗಿ ಉಳಿಯುವುದಿಲ್ಲ. ತಬ್ಬಿಕೊಳ್ಳುವುದು ನಮಗೆ ಪ್ರೀತಿ. ನಾಯಿಗೆ ಅದು ಹಿಡಿದಿಟ್ಟ ಹಾಗೆ.

ಅನ್ನದ ಮುಂದೆ ನಾಯಿ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಕ್ಕಳಿಗೆ ಕಚ್ಚಿದ ನಾಯಿಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಅದರಲ್ಲಿ ನನ್ನನ್ನು ತಟ್ಟಿದ ಅಂಶ ಎರಡು. ಆರು ವರ್ಷದೊಳಗಿನ ಮಕ್ಕಳಿಗೆ ಕಚ್ಚಿದ ನಾಯಿಗಳು ಹೆಚ್ಚಾಗಿ ಕಚ್ಚಿದ್ದು ಊಟ, ಆಟಿಕೆ, ಮಲಗುವ ಜಾಗದಂಥ ‘ತನ್ನದು’ ಅನ್ನುವುದನ್ನು ಕಾಯುವಾಗ. ಇನ್ನೊಂದು, ಅಲ್ಲಿದ್ದ ನಾಯಿಗಳಲ್ಲಿ ಮೂರರಲ್ಲಿ ಎರಡು ಪಾಲು ಅದಕ್ಕೆ ಮುಂಚೆ ಯಾವ ಮಗುವಿಗೂ ಕಚ್ಚಿರಲಿಲ್ಲ. ಅಂದರೆ ‘ಇಲ್ಲಿವರೆಗೂ ಏನೂ ಮಾಡಿಲ್ಲ’ ಅನ್ನುವುದು ಸಾಕ್ಷಿ ಆಗುವುದಿಲ್ಲ.

ಪೆನ್ಸಿಲ್ವೇನಿಯಾದ ಮಾತು ದೂರದ್ದು ಅನ್ನಿಸಬಹುದು. ನಮ್ಮ ಕಡೆ ಮೈಲಾರಲಿಂಗನ ಒಕ್ಕಲಿನವರ ಮನೆಯಲ್ಲಿ ದೋಣಿ, ಅಂದರೆ ಎಡೆ ಹಾಕುವ ಪಾತ್ರೆ, ತುಂಬಿಸುವ ಸೇವೆ ನೋಡಿದವರಿಗೆ ಇದು ಹೊಸದಲ್ಲ. ದೀಕ್ಷೆ ಪಡೆದ ಭಕ್ತರಾದ ಗೊರವಯ್ಯಗಳು ಸ್ವಾಮಿಯ ನಾಯಿಗಳಾಗಿ ಬೊಗಳುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ದೋಣಿಯ ಎಡೆಗೆ ಬಾಯಿ ಹಾಕುತ್ತಾರೆ. ಚಿಕ್ಕಂದಿನಲ್ಲಿ ನಾನು ಅಜ್ಜಿಯ ಸೆರಗಿನ ಹಿಂದೆ ನಿಂತು ನೋಡಿದ್ದೇನೆ. ಅನ್ನದ ಮುಂದೆ ನಾಯಿ ಹೇಗಿರುತ್ತದೆ ಅನ್ನುವುದನ್ನು ನಮ್ಮ ಹಿರಿಯರು ಸರಿಯಾಗಿ ನೋಡಿದ್ದರು. ಅದನ್ನು ದೇವರ ಸೇವೆಯೊಳಗೇ ಇಟ್ಟರು. ಆ ತಿಳಿವಳಿಕೆ ನಮ್ಮ ಮನೆಯ ತಟ್ಟೆಯ ಹತ್ತಿರ ಬರುವಾಗ ಯಾಕೋ ಮರೆತುಹೋಗುತ್ತದೆ.

ನಮ್ಮ ಊರಲ್ಲಿ ಇದಕ್ಕೆ ಒಂದು ವಿಶೇಷ ಸಂದರ್ಭವೂ ಇದೆ. ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮನೆ ತುಂಬ ನೆಂಟರು, ನೆಂಟರ ಮಕ್ಕಳು, ದೊಡ್ಡ ಪಾತ್ರೆಯಲ್ಲಿ ಬಾಡೂಟ. ನಾಯಿಗೆ ಮೂಳೆ ಹಾಕುತ್ತಾರೆ. ವರ್ಷವಿಡೀ ರೊಟ್ಟಿ, ಅನ್ನ ತಿಂದ ನಾಯಿಗೆ ಆ ಮೂಳೆ ಎಂದರೆ ಏನು ಅಂತ ಊಹಿಸಿ. ಅದರ ಹತ್ತಿರ ಹಾದು ಹೋಗುವ ಮಗು ಅದಕ್ಕೆ ಗುರುತೇ ಇಲ್ಲದ ಮಗು. ಮನೆ ಮಗುವಿನ ಜೊತೆ ಚೆನ್ನಾಗಿರುವ ನಾಯಿ ಎಲ್ಲ ಮಕ್ಕಳ ಜೊತೆ ಚೆನ್ನಾಗಿರುತ್ತದೆ ಅನ್ನುವ ಲೆಕ್ಕ ಇಲ್ಲಿ ತಪ್ಪುತ್ತದೆ. ಜಾತ್ರೆ, ಮದುವೆ, ತೊಟ್ಟಿಲು ಶಾಸ್ತ್ರದ ದಿನ ನಾಯಿಯನ್ನು ಟೆರೇಸಿನ ನೆರಳಿನಲ್ಲಿ ಅಥವಾ ಒಂದು ಕೋಣೆಯಲ್ಲಿ ನೀರು ಇಟ್ಟು, ಬಾಗಿಲು ಹಾಕಿ ಬಿಡುವುದೇ ಲೇಸು. ನೆಂಟರು ‘ಪಾಪ ನಾಯಿನ ಕೂಡಿಹಾಕಿದ್ದೀರಿ’ ಅನ್ನುತ್ತಾರೆ. ಅನ್ನಲಿ. ಮೂಳೆಯನ್ನು ಎಲ್ಲರೂ ಹೋದ ಮೇಲೆ ಕೊಟ್ಟರಾಯಿತು.

ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮೆರಿಕದ 8 ನಗರಗಳ ನಾಯಿ ಕಡಿತದ ದಾಖಲೆ ನೋಡಿದ 2023ರ ಅಧ್ಯಯನದಲ್ಲಿ ಬಿಸಿಲು ಜಾಸ್ತಿಯಾದ ದಿನ ಕಡಿತವೂ ಸ್ವಲ್ಪ ಜಾಸ್ತಿಯಾಗಿದ್ದು ಕಂಡಿತ್ತು. ನಮ್ಮ ಏಪ್ರಿಲ್ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಅದೇ ತಿಂಗಳು ಶಾಲೆಗೆ ರಜೆ. ಮಕ್ಕಳು ದಿನವಿಡೀ ಮನೆಯಲ್ಲಿ. ಹಿಮದ ನಾಡಿನ ದಪ್ಪ ಕೂದಲಿನ ಹಸ್ಕಿಯನ್ನು ತಂದು ತಗಡಿನ ಶೀಟಿನ ಕೆಳಗೆ ಕಟ್ಟಿ, ಅದು ಶಾಂತವಾಗಿ ಇರಬೇಕು ಅಂತ ಬಯಸುವುದು ನ್ಯಾಯ ಅಲ್ಲ.

ಮಗುವಿಗೆ ಎಷ್ಟು ಅರ್ಥವಾಗುತ್ತದೆ

ಸಣ್ಣ ಮಕ್ಕಳು ನಾಯಿಯ ಮುಖವನ್ನು ನಾವು ಓದುವ ಹಾಗೆ ಓದುವುದಿಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಮಕ್ಕಳಿಗೆ ನಾಯಿಗಳ ಚಿತ್ರ, ವಿಡಿಯೊ ತೋರಿಸಿ ನೋಡಿದ್ದಾರೆ. ಹಲ್ಲು ಕಿರಿದ ನಾಯಿಯನ್ನು ನೋಡಿ ಮೂರು, ನಾಲ್ಕು ವರ್ಷದ ಬಹಳಷ್ಟು ಮಕ್ಕಳು ‘ನಗುತ್ತಿದೆ’ ಅಂದರು. ಅವರ ತಪ್ಪಲ್ಲ. ಮನುಷ್ಯರಲ್ಲಿ ಹಲ್ಲು ಕಂಡರೆ ನಗು. ಮಗುವಿಗೆ ಗೊತ್ತಿರುವುದು ಅಷ್ಟೇ. ಜೊತೆಗೆ, ಏನಾದರೂ ಕುತೂಹಲ ಅನ್ನಿಸಿದರೆ ಮಗು ಮುಖವನ್ನೇ ಹತ್ತಿರ ತರುತ್ತದೆ. ನಾಯಿಯ ಬಾಯಿ ಎಷ್ಟು ಎತ್ತರದಲ್ಲಿದೆಯೋ ಮಗುವಿನ ಕೆನ್ನೆಯೂ ಅಷ್ಟೇ ಎತ್ತರದಲ್ಲಿದೆ. ಸಣ್ಣ ಮಕ್ಕಳಿಗೆ ನಾಯಿ ಕಚ್ಚಿದಾಗ ಗಾಯ ಜಾಸ್ತಿ ಆಗುವುದು ಮುಖ, ತಲೆ, ಕತ್ತಿಗೆ. ಕಾರಣ ಇದೇ.

ಹಾಗಾಗಿ ಮೂರು ವರ್ಷದ ಒಳಗಿನ ಮಗುವಿಗೆ ‘ನಾಯಿ ಹತ್ತಿರ ಹೋಗಬೇಡ’ ಅಂತ ಹೇಳಿ ನೆಮ್ಮದಿಯಾಗಿ ಇರಲು ಆಗುವುದಿಲ್ಲ. ಆ ವಯಸ್ಸಲ್ಲಿ ಕಲಿಯಬೇಕಾದವರು ದೊಡ್ಡವರು. ಮಗು ನೆಲದ ಮೇಲೆ ಇದ್ದರೆ ನಾಯಿ ಆ ಕಡೆ. ನಾಯಿ ಒಳಗೆ ಬಂದರೆ ಮಗು ಯಾರದಾದರೂ ತೊಡೆಯ ಮೇಲೆ. ಇಬ್ಬರೂ ನೆಲದ ಮೇಲೆ ಇದ್ದರೆ ನಡುವೆ ಒಬ್ಬರು, ಕೈಯಲ್ಲಿ ಫೋನ್ ಇಲ್ಲದೆ. ‘ಅಲ್ಲೇ ಇದ್ದೆ, ನೋಡ್ತಾನೇ ಇದ್ದೆ’ ಅನ್ನುವ ಮಾತನ್ನು ನಾನೂ ಆಸ್ಪತ್ರೆಯಲ್ಲಿ ಹೇಳಿದ್ದೆ. ನಿಜವಾಗಿ ನೋಡುತ್ತಿದ್ದೆ. ಏನು ನೋಡಬೇಕು ಅನ್ನುವುದು ಗೊತ್ತಿರಲಿಲ್ಲ. ಕಣ್ಣಿಡುವುದು ಅಂದರೆ ಮಗು ಏನು ಮಾಡುತ್ತಿದೆ ಅಂತ ನೋಡುವುದಲ್ಲ, ನಾಯಿಗೆ ಏನು ಅನ್ನಿಸುತ್ತಿದೆ ಅಂತ ನೋಡುವುದು.

ನಾಲ್ಕರ ಹತ್ತಿರ ಬಂದಾಗ ಆಟದ ಹಾಗೆ ಕಲಿಸಬಹುದು. ನಾವು ಮಗಳಿಗೆ ಕಲಿಸಿದ್ದು ‘ಕರಿ, ಮುಟ್ಟು, ನಿಲ್ಲಿಸು’ ಅಂತ. ನೀನು ನಾಯಿ ಹತ್ತಿರ ಹೋಗಬೇಡ, ಕೂತಲ್ಲಿಂದ ತೊಡೆ ತಟ್ಟಿ ಕರಿ. ಬಂದರೆ ಎದೆ ಇಲ್ಲವೇ ಕತ್ತಿನ ಪಕ್ಕ ಮೂರು ಸಲ ಸವರು. ಆಮೇಲೆ ಕೈ ತೆಗೆ. ಇನ್ನೂ ಒರಗಿದರೆ ಇನ್ನೂ ಮೂರು ಸಲ. ಮುಖ ತಿರುಗಿಸಿದರೆ, ಎದ್ದು ಹೋದರೆ, ‘ಆಯ್ತು ರಾಜ’ ಅಂತ ಹೇಳಿ ಬಿಟ್ಟುಬಿಡು. ಮೊದಮೊದಲು ಅವಳು ಎಣಿಸುವುದರಲ್ಲೇ ಮುಳುಗಿ ನಾಯಿಯನ್ನೇ ಮರೆಯುತ್ತಿದ್ದಳು. ಈಗ ಅವನ ಮುಖ ನೋಡಿ ಕೈ ತೆಗೆಯುತ್ತಾಳೆ. ಆದರೂ ನಾಲ್ಕು ವರ್ಷದ ಮಗು ಕಲಿತದ್ದನ್ನು ಖುಷಿಯಲ್ಲಿ ಮರೆಯುತ್ತದೆ. ಆದ್ದರಿಂದ ಇಬ್ಬರನ್ನೇ ಬಿಟ್ಟು ಬಾಗಿಲಿಗೆ ಹಾಲು ತರಲು ಹೋಗುವುದಕ್ಕೂ ನಾನು ಈಗಲೂ ತಯಾರಿಲ್ಲ.

ಓಣಿಯ ನಾಯಿಗೆ ಬೇರೆ ಪಾಠ. ಓಡಬೇಡ, ಕಿರುಚಬೇಡ. ಮರದ ಹಾಗೆ ನಿಲ್ಲು, ಕೈ ಎದೆಗೆ ಕಟ್ಟು, ನಿನ್ನ ಕಾಲು ನೋಡು. ಬಿದ್ದರೆ ಮುದುಡಿಕೊಂಡು ಕಿವಿ, ಕತ್ತು ಮುಚ್ಚಿಕೊ. ಮರಿ ಹಾಕಿದ ನಾಯಿ ಇರುವ ಕಡೆ ಹೋಗಲೇಬೇಡ, ಮರಿ ಎಷ್ಟೇ ಮುದ್ದಾಗಿದ್ದರೂ. ಇದನ್ನು ಅಂಗನವಾಡಿಯಲ್ಲಿ ಹಾಡಿನ ಜೊತೆ ಕಲಿಸಿದರೆ ಮಕ್ಕಳು ಒಂದು ವಾರದಲ್ಲಿ ಕಲಿಯುತ್ತಾರೆ. ರಸ್ತೆ ದಾಟುವುದನ್ನು ಕಲಿಸುತ್ತೇವೆ, ಇದನ್ನು ಯಾಕೆ ಕಲಿಸಬಾರದು?

ಬಾಣಂತನ ಮುಗಿಸಿ ಬರುವ ದಿನ

ನಾಯಿಯ ಕಡೆಯಿಂದ ನೋಡಿದರೆ ನಮ್ಮ ಪದ್ಧತಿಯಲ್ಲಿ ಒಂದು ವಿಚಿತ್ರ ಇದೆ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ನಾಯಿಗೆ ದಿನಾ ಅನ್ನ ಹಾಕುತ್ತಿದ್ದ ಜೀವ ಒಂದು ದಿನ ಕಾಣೆಯಾಗುತ್ತದೆ. ನಾನು ಚಿತ್ರದುರ್ಗದ ತವರಿಗೆ ಹೋದಾಗ ರಾಜ ನಾಲ್ಕು ದಿನ ಗೇಟಿನ ಹತ್ತಿರವೇ ಮಲಗಿದ್ದನಂತೆ. ಐದನೇ ತಿಂಗಳಲ್ಲಿ ನಾನು ವಾಪಸ್ ಬಂದೆ. ಆದರೆ ಬಂದವಳು ಅವನಿಗೆ ಗೊತ್ತಿದ್ದ ನಾನಲ್ಲ. ಮೈಯಿಂದ ಹಾಲಿನ ವಾಸನೆ, ಸಾಂಬ್ರಾಣಿ ಹೊಗೆಯ ವಾಸನೆ. ತೋಳಲ್ಲಿ ಕಿರುಚುವ ಒಂದು ಗಂಟು. ಖುಷಿಯಿಂದ ಜಿಗಿದವನನ್ನು ‘ಹಚ್ಚಾ’ ಅಂತ ಗದರಿ ಹೊರಗೆ ಕಟ್ಟಿದರು. ಅವನ ಮಟ್ಟಿಗೆ ಆ ಗಂಟು ಬಂದ ದಿನವೇ ಮನೆ ಬಾಗಿಲು ಮುಚ್ಚಿತು.

ಈಗ ಅದೇ ಸಂದರ್ಭ ಬಂದರೆ ಬೇರೆ ರೀತಿ ಮಾಡುತ್ತಿದ್ದೆ. ತವರಿನಿಂದ ಯಾರಾದರೂ ಬರುವಾಗ ಮಗುವಿನ ಒಂದು ಹಳೆ ಬಟ್ಟೆ ಕಳಿಸಿ ಮೂಸಲು ಕೊಡಿಸುತ್ತಿದ್ದೆ. ಮಗು ಅಳುವುದನ್ನು ಫೋನಲ್ಲಿ ರೆಕಾರ್ಡ್ ಮಾಡಿ, ಮೊದಲು ಮೆಲ್ಲಗೆ, ದಿನ ಕಳೆದಂತೆ ಜೋರಾಗಿ ಕೇಳಿಸಿ, ಕೇಳಿಸುವಾಗೆಲ್ಲ ಒಂದು ಚೂರು ಬಿಸ್ಕತ್ ಕೊಡಿಸುತ್ತಿದ್ದೆ. ಅವನ ಮಲಗುವ ಜಾಗ ಬದಲಿಸುವುದಿದ್ದರೆ ಮಗು ಬರುವ ಎರಡು ತಿಂಗಳು ಮುಂಚೆಯೇ ಬದಲಿಸುತ್ತಿದ್ದೆ. ಬಂದ ದಿನ ಮಗುವನ್ನು ಬೇರೆಯವರ ಕೈಗೆ ಕೊಟ್ಟು, ನಾನೊಬ್ಬಳೇ ಮೊದಲು ಒಳಗೆ ಹೋಗಿ ಅವನನ್ನು ಮಾತಾಡಿಸುತ್ತಿದ್ದೆ. ಹತ್ತು ನಿಮಿಷದ ಕೆಲಸ.

ಗೀರಿನ ಘಟನೆ ಆದ ಮೇಲೆ ಮನೆಯಲ್ಲಿ ಮಾಡಿದ ದೊಡ್ಡ ಬದಲಾವಣೆ ಒಂದೇ. ಅಡುಗೆಮನೆ ಪಕ್ಕದ ಮೂಲೆಯಲ್ಲಿ ರಾಜನಿಗೆ ಗೋಣಿಚೀಲದ ಹಾಸಿಗೆ. ಮುಂದೆ ಬಡಗಿ ಮಾಡಿಕೊಟ್ಟ ಎರಡೂವರೆ ಅಡಿ ಎತ್ತರದ ಮರದ ಅಡ್ಡಗೇಟು. ಅವನು ಹಾರಿ ದಾಟುತ್ತಾನೆ, ಆ ವಯಸ್ಸಲ್ಲಿ ಮಗಳಿಗೆ ದಾಟಲು ಆಗುತ್ತಿರಲಿಲ್ಲ. ಅಲ್ಲಿ ಅವನು ಇದ್ದಾಗ ಯಾರೂ ಮುಟ್ಟುವ ಹಾಗಿಲ್ಲ, ದೊಡ್ಡವರೂ ಸಹ. ಊಟವೂ ಅಲ್ಲೇ. ಮೊದಲ ವಾರದಲ್ಲೇ ವ್ಯತ್ಯಾಸ ಕಂಡಿತು. ಮಗಳು ಕೂಗಾಡಲು ಶುರು ಮಾಡಿದರೆ ಎದ್ದು, ಒಂದು ಸಲ ಮೈ ಕೊಡವಿ, ಗೇಟು ಹಾರಿ ಒಳಗೆ ಹೋಗಿ ಮಲಗುತ್ತಿದ್ದ. ಅವನಿಗೆ ಹೋಗಲು ಜಾಗ ಸಿಕ್ಕಿತು, ಅಷ್ಟೇ. ಗುರ್ರ್ ಅನ್ನುವ ಅಗತ್ಯ ಬರಲಿಲ್ಲ. ನಾಯಿಗಳು ದಿನದ ಅರ್ಧ ಹೊತ್ತನ್ನಾದರೂ ಮಲಗಿ ಕಳೆಯುವ ಪ್ರಾಣಿಗಳು. ಮಗು ಇರುವ ಮನೆಯಲ್ಲಿ ಅವುಗಳಿಗೆ ಮೊದಲು ಕಡಿಮೆಯಾಗುವುದು ನಿದ್ದೆ.

ಹಲ್ಲು ತಾಗಿದರೆ

ಇಷ್ಟೆಲ್ಲ ಮಾಡಿದರೂ ಗೀರು ಬಿದ್ದರೆ ಏನು ಮಾಡಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ ಆಗಿರಬೇಕು. ಮೊದಲು ನಲ್ಲಿ ನೀರು ಬಿಟ್ಟು, ಸೋಪು ಹಚ್ಚಿ, 15 ನಿಮಿಷ ತೊಳೆಯುವುದು. ಅಳುವ ಮಗುವನ್ನು ಬಚ್ಚಲಲ್ಲಿ ಹಿಡಿದು ನಿಂತವರಿಗೆ ಆ ಕಾಲು ಗಂಟೆ ಒಂದು ದಿನದಷ್ಟು ಉದ್ದ. ಆದರೂ ಬಿಡಬಾರದು. ವೈರಸ್ಸನ್ನು ಗಾಯದಲ್ಲೇ ಕಡಿಮೆ ಮಾಡುವ ಮೊದಲ ಔಷಧಿ ಅದೇ ನೀರು, ಅದೇ ಸೋಪು. ನಮ್ಮ ಅತ್ತೆ ಅರಿಶಿನದ ಡಬ್ಬಿ ಹಿಡಿದು ಬಂದಿದ್ದರು. ಪಕ್ಕದ ಮನೆಯವರು ಸುಣ್ಣ ಅಂದರು. ಎರಡೂ ಬೇಡ, ಖಾರದ ಪುಡಿಯೂ ಬೇಡ. ತೊಳೆದು ಸೀದಾ ಆಸ್ಪತ್ರೆಗೆ.

ರಕ್ತ ಬಂದಿದ್ದರಿಂದ ಮೂರನೇ ವರ್ಗದ, ಅಂದರೆ ಅತಿ ಹೆಚ್ಚು ಅಪಾಯದ, ಗಾಯ ಅಂತ ವೈದ್ಯರು ಬರೆದುಕೊಂಡರು. ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯದ ಔಷಧಿ, ಚುಚ್ಚಿದರು. ರಕ್ತ ಬಾರದ ತರಚು ಗಾಯಕ್ಕೂ ಲಸಿಕೆ ಬೇಕೇ ಬೇಕು. ತೆರೆದ ಗಾಯವನ್ನು ನಾಯಿ ನೆಕ್ಕಿದರೂ ಅದು ಮೂರನೇ ವರ್ಗವೇ. ಚರ್ಮದ ಪದರದೊಳಗೆ ಕೊಡುವ ಲಸಿಕೆಯ ಲೆಕ್ಕ ಸುಲಭ: ಮೊದಲ ಚುಚ್ಚಿದ ದಿನ ಸೊನ್ನೆ, ಅಲ್ಲಿಂದ ಎಣಿಸಿ 3, 7 ಮತ್ತು 28ನೇ ದಿನ. ಚಿಗಟೇರಿ ಜಿಲ್ಲಾಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ‘ನಮ್ಮ ನಾಯಿನೇ ಅಲ್ವಾ, ಇಂಜೆಕ್ಷನ್ ಆಗಿದೆ’ ಅಂತ ನಾನೂ ಅಂದೆ. ನಾಯಿಗೆ ಲಸಿಕೆ ಆಗಿದ್ದರೂ ಮಗುವಿಗೆ ಇವತ್ತೇ ಶುರು ಮಾಡಬೇಕು, ಜೊತೆಗೆ ನಾಯಿಯನ್ನು 10 ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ ಅಂದರು. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಸಿಕೊಳ್ಳುವ ದಾರಿ ಇಲ್ಲ ಅನ್ನುವಷ್ಟು ಕಷ್ಟ. ಲಕ್ಷಣಕ್ಕೆ ಮುಂಚೆ ಚಿಕಿತ್ಸೆ ಆದರೆ ತಪ್ಪಿಸಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2022–23ರಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತ ಆಗುತ್ತದೆ, ರೇಬೀಸ್‌ಗೆ ಸುಮಾರು 5,700 ಜನ ಸಾಯುತ್ತಾರೆ. ಕರ್ನಾಟಕ 2022ರಲ್ಲೇ ಮನುಷ್ಯರ ರೇಬೀಸನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಘೋಷಿಸಿತು. ಮನೆಯ ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ವೈದ್ಯರು ಹೇಳಿದ ದಿನ ಎರಡನೆಯದು, ಆಮೇಲೆ ವರ್ಷಕ್ಕೊಂದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕುತ್ತಾರೆ. ನಿಮ್ಮ ಮನೆಯದನ್ನು ಕರೆದುಕೊಂಡು ಹೋಗುವಾಗ ಕಟ್ಟೆ ಹತ್ತಿರ ನೀವು ಅನ್ನ ಹಾಕುವ ಓಣಿ ನಾಯಿಯನ್ನೂ ಕರೆದುಕೊಂಡು ಹೋಗಿ. ನಿಮ್ಮ ಮಗು ಅದನ್ನೂ ಮುಟ್ಟುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಮಕ್ಕಳು ಕಡಿತವನ್ನು ಮುಚ್ಚಿಡುತ್ತಾರೆ. ‘ನಾಯಿ ಹತ್ತಿರ ಹೋದರೆ ನೋಡು’ ಅಂತ ನಾವು ಹೆದರಿಸಿರುತ್ತೇವೆ. ಹೋಗಿ ಕಚ್ಚಿಸಿಕೊಂಡ ಮಗುವಿಗೆ ಗಾಯಕ್ಕಿಂತ ಬೈಗುಳದ ಭಯ ದೊಡ್ಡದು. ತರಚಿದೆ ಅನ್ನುತ್ತದೆ, ತಂತಿ ತಾಗಿತು ಅನ್ನುತ್ತದೆ. ಹಾಗೆ ಕಳೆದುಹೋದ ದಿನಗಳು ಮತ್ತೆ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಈಗ ಒಂದು ಕರಾರು ಇದೆ. ಯಾವ ಪ್ರಾಣಿ ಹಲ್ಲು, ಉಗುರು ತಾಗಿಸಿದರೂ ಬಂದು ಹೇಳು. ಬೈಯುವುದಿಲ್ಲ. ಹೋದ ಮಳೆಗಾಲದಲ್ಲಿ ಪಕ್ಕದ ಮನೆ ಬೆಕ್ಕು ಪರಚಿದಾಗ ಮಗಳು ಓಡಿ ಬಂದು ಕೈ ಚಾಚಿ ನಿಂತಳು. ನಾನೇನೂ ಹೇಳುವ ಮುಂಚೆ ಬಚ್ಚಲ ಕಡೆ ನಡೆದಳು.

ರಾಜನಿಗೆ ಈಗ ಎಂಟು ದಾಟಿದೆ. ಹೋದ ತಿಂಗಳಿಂದ ಏಳುವಾಗ ಹಿಂಗಾಲು ಎಳೆಯುತ್ತಾನೆ. ಅಡ್ಡಗೇಟು ಹಾರಲು ಆಗುವುದಿಲ್ಲ. ಸೊಂಟದ ಕೀಲು ಸವೆದಿದೆ ಅಂತ ಪಶು ವೈದ್ಯರು ಮಾತ್ರೆ ಕೊಟ್ಟಿದ್ದಾರೆ. ನೋವಿರುವ ನಾಯಿ ಬೇರೆಯೇ ನಾಯಿ. ಹಿಂದೆ ಬೇಕು ಅನ್ನುತ್ತಿದ್ದ ಕೈ ಈಗ ಬೇಡವಾಗಬಹುದು. ಗೇಟನ್ನು ಬಡಗಿಯಿಂದ ಕೊಯ್ಯಿಸಿ, ಅವನು ನುಸಿಯುವಷ್ಟು ಕಿಂಡಿ ಮಾಡಿಸಿದ್ದೇವೆ. ಅದರಲ್ಲಿ ಮಗಳೂ ನುಸಿಯಬಲ್ಲಳು. ಹಾಗಾಗಿ ಕಿಂಡಿಯ ಮೇಲೆ ಕೆಂಪು ರಿಬ್ಬನ್ ಕಟ್ಟಿ, ಹೊಸ ಪಾಠ ಶುರು ಮಾಡಿದ್ದೇವೆ. ಬೆನ್ನು ಮುಟ್ಟಬೇಡ, ಹಿಂದಿನಿಂದ ಹೋಗಬೇಡ, ಮಲಗಿದ್ದರೆ ಹೆಸರು ಕೂಗಿ ಎಬ್ಬಿಸು, ರಿಬ್ಬನ್ ಆ ಕಡೆ ಅವನ ಮನೆ.

‘ಎಷ್ಟು ದಿನ ಅಮ್ಮ?’ ಅಂದಳು.

‘ಗೊತ್ತಿಲ್ಲ ಪುಟ್ಟಿ. ಸೋಮವಾರ ಡಾಕ್ಟರ್ ಹತ್ರ ಕೇಳೋಣ.’